ಮೂಗುಕಂಬಕ್ಕೆ ಸಿಕ್ಕ ಮೀನು

"ಇಂವಾ ನೀರು ಹೊರಲಿಕ್ಕೆ ಇರೋ ಮನುಷ್ಯ. ವಿಚಾರ ಮಾಡಲಿಕ್ಕೆ ಇವಗ ಯಾರೂ ಪಗಾರ ಕೊಡೂದಿಲ್ಲ."

ಡಾಕ್ಟರ್ ಪ್ರಹ್ಲಾದ ಹುದ್ದಾರ್ ಹೀಗೆ ಹೇಳಿದಾಗ ಕಂಟ್ರೋಲ್ ರೂಮಿನಲ್ಲಿ ಅವರನ್ನು ಬಿಟ್ಟು ಹನ್ನೊಂದು ಜನರಿದ್ದೆವು. ದಿಲ್ಲಿಯಿಂದ ಬಂದ ಸಮಿತಿಯವರು ಐದು ಜನ, ಜಿಲ್ಲೆಯ ಅಧಿಕಾರಿಗಳು ಮೂವರು, ಲ್ಯಾಬಿನ ಶಕೀಲಾ, ಟೀ ತಂದವನು, ನಾನು. ದಿಲ್ಲಿಯವರಿಗೆ ಕನ್ನಡ ಬರುತ್ತಿರಲಿಲ್ಲ. ಪಾಪ, ಅವರಿಗೂ ತಿಳಿಯಲಿ ಎಂದು ಹುದ್ದಾರ್ ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು. ಆಗ ಅವರೂ ನಕ್ಕರು.

ನಾನು ಹೇಳಿದ್ದು ಇಷ್ಟೇ. "ಸಾರ್, ಆ ಮೀನು ನಮ್ಮ ಹೊಳೇಲಿ ಇಲ್ಲ. ಇದ್ದಿದ್ರೆ ನಮ್ಮೂರು ಆನೆಮಡುವಿನಲ್ಲಿ ಯಾರಾದ್ರೂ ಒಬ್ರು ನೋಡಿರೋರು."

ಆ ಮೀನು ಎಂದರೆ ಬಿಳಿಮೀನು. ಆಳುದ್ದ ಬೆಳೆಯುತ್ತಿತ್ತಂತೆ, ಮೈಮೇಲಿನ ಒಂದೊಂದು ಹುರುಪೆಯೂ ಅಂಗೈಯಗಲ. ಕಾವೇರಿಯಲ್ಲಿ ಅದು ಮುಗಿಯಿತು ಎಂದು ಎಲ್ಲರೂ ಬರೆದಾಗಿತ್ತು. ಹುದ್ದಾರ್ ಒಬ್ಬರು ಮಾತ್ರ ಇಲ್ಲ, ಇದೆ ಎನ್ನುತ್ತಿದ್ದರು. ಹದಿನೈದು ವರ್ಷ ದಡದ ಮೇಲೆ ನಿಂತು ಬಾಟಲಿಗೆ ನೀರು ತುಂಬಿಸಿ ಹುಡುಕಿದರು. ಸಿಗಲಿಲ್ಲ. ಆಮೇಲೆ ಹೊಳೆಯೊಳಗೆ ಯಂತ್ರ ನೆಟ್ಟರು. ಮೊದಲ ವರ್ಷವೇ ಸಿಕ್ಕಿತು.

ಆ ಯಂತ್ರಕ್ಕೆ ಸರ್ಕಾರದ ಹೆಸರು ಉದ್ದವಿದೆ. ನಮ್ಮೂರಲ್ಲಿ ಮೂಗುಕಂಬ ಎನ್ನುತ್ತಾರೆ. ನೀರಿನಲ್ಲಿ ನಿಂತ ಕಬ್ಬಿಣದ ಕಂಬ, ಅದರೊಳಗೆ ಪಂಪು, ಪಂಪಿನ ಬಾಯಿಗೆ ಜಾಲರಿ. ಯಾವ ಪ್ರಾಣಿ ನೀರಿನಲ್ಲಿದ್ದರೂ ಅದರ ಮೈಯಿಂದ ಏನೋ ಒಂದು ಉದುರುತ್ತಲೇ ಇರುತ್ತದೆ. ಲೋಳೆ, ಚರ್ಮ, ಹೇಲು. ಅದರಲ್ಲಿ ಅದರ ಜಾತಿ ಯಾವುದೆಂದು ಹೇಳುವ ಎಳೆ ಇರುತ್ತದೆ. ಜಾಲರಿ ಅದನ್ನು ಹಿಡಿಯುತ್ತದೆ, ಲ್ಯಾಬಿನ ಯಂತ್ರ ಓದುತ್ತದೆ. ಮೀನನ್ನು ಯಾರೂ ನೋಡಬೇಕಿಲ್ಲ. ನೀರು ಸಾಕ್ಷಿ ಹೇಳಿದರೆ ಆಯಿತು.

ನೀರಿನ ಸಾಕ್ಷಿ ಕಾಯಿದೆ ಬಂದದ್ದೇ ಹಾಗೆ. ಮೊದಮೊದಲು ಒಳ್ಳೆಯದೇ ಆಯಿತು. ಆಫ್ರಿಕದ ಕ್ಯಾಟ್‌ಫಿಶ್ಶನ್ನು ಕದ್ದು ಸಾಕುತ್ತಿದ್ದ ಕೆರೆಗಳನ್ನು ಹುದ್ದಾರ್ ಒಂದೊಂದು ಬಾಟಲಿ ನೀರಿನಲ್ಲೇ ಪತ್ತೆ ಮಾಡಿದರು. ಆ ಮೀನು ಹೊಕ್ಕ ಕೆರೆಯಲ್ಲಿ ಕಪ್ಪೆಯೂ ಉಳಿಯುವುದಿಲ್ಲ. ಹಾಗೆ ನಲವತ್ತು ಕೆರೆ ಉಳಿಸಿದ ಮನುಷ್ಯ ಅವರು. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆಮೇಲೆ ಜನ ಹೆದರಿ ಬದುಕುವುದನ್ನು ಕಲಿತರು. ಕೊಳ್ಳೇಗಾಲದ ಹತ್ತಿರ ಬೀಗರೂಟದ ಮನೆಯವರು ಮೀನು ತೊಳೆದ ನೀರನ್ನು ಕಾಲುವೆಗೆ ಚೆಲ್ಲಿದ್ದಕ್ಕೆ ನೋಟೀಸು ಬಂತು. ಗಾಜಿನ ಪೆಟ್ಟಿಗೆಯ ಬಣ್ಣದ ಮೀನು ಸತ್ತರೆ ಜನ ಅದನ್ನು ಪೇಪರಿನಲ್ಲಿ ಸುತ್ತಿ ಒಲೆಗೆ ಹಾಕತೊಡಗಿದರು. ನಮ್ಮ ಹೆಂಗಸರು ಹೊಳೆಯಲ್ಲಿ ಪಾತ್ರೆ ಬೆಳಗುವಾಗ ಆಚೆ ಈಚೆ ನೋಡುತ್ತಿದ್ದರು.

ಕಾಯಿದೆಯಲ್ಲಿ ಇನ್ನೊಂದು ಮಾತಿತ್ತು. ಅಳಿದುಹೋದ ಮೀನಿನ ಎಳೆ ಮೂರು ವರ್ಷ ಸತತವಾಗಿ ಸಿಕ್ಕರೆ ಆ ಹೊಳೆಯ ಪಾತ್ರವನ್ನು ಮುಚ್ಚಬೇಕು. ಬಲೆ ಇಲ್ಲ, ಹರಿಗೋಲಿಲ್ಲ, ದಡದಲ್ಲಿ ಮನೆಯಿಲ್ಲ. ನಮ್ಮಲ್ಲಿ ಎರಡು ವರ್ಷ ಆಗಿತ್ತು. ಎರಡೂ ಸಲ ಮಳೆ ನಿಂತು ಹೊಳೆ ಇಳಿದ ಮೇಲೆ, ನವೆಂಬರಿನಲ್ಲಿ, ಸರಿಯಾಗಿ ಒಂದು ತಿಂಗಳು. ಮೀನು ಮೊಟ್ಟೆ ಇಡಲು ಬರುತ್ತಿದೆ ಎಂದು ಹುದ್ದಾರ್ ಬರೆದರು. ದೇಶವೆಲ್ಲ ಅವರನ್ನು ಹೊಗಳಿತು. ಮೂರನೆಯ ನವೆಂಬರಿನಲ್ಲೂ ಸಿಕ್ಕರೆ ಆನೆಮಡುವಿನ ಅರವತ್ತೆರಡು ಬೆಸ್ತರ ಮನೆಗಳು ಹದಿನೆಂಟು ಕಿಲೋಮೀಟರ್ ದೂರದ ಕಾಲನಿಗೆ ಹೋಗಬೇಕಿತ್ತು. ಅಲ್ಲಿ ಒಳ್ಳೆಯ ಬೋರ್‌ವೆಲ್ ಇದೆ ಎಂದು ಅಧಿಕಾರಿಯೊಬ್ಬರು ನಮಗೆ ಸಮಾಧಾನ ಹೇಳಿದ್ದರು.

ಸಮಿತಿ ಬಂದದ್ದು ಅದಕ್ಕೇ. ಮೂರು ವಾರದ ಮೇಲೆ ಊರಿನಲ್ಲಿ ಅಹವಾಲು ಸಭೆ ಗೊತ್ತಾಗಿತ್ತು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಹೊಳೆ ಗೊತ್ತು, ಹರಿಗೋಲು ಗೊತ್ತು ಎಂದು ಆರು ಮೂಗುಕಂಬಗಳ ಜಾಲರಿ ಬದಲಿಸುವ ಕೆಲಸ ಕೊಟ್ಟಿದ್ದರು. ನನ್ನೂರನ್ನು ಎತ್ತಂಗಡಿ ಮಾಡಿಸುವ ನೀರನ್ನು ನಾನೇ ಹೊತ್ತು ತಂದು ಕೊಡಬೇಕು, ಬಾಯಿ ಮಾತ್ರ ಬಿಡಬಾರದು.

ಮನೆಗೆ ಬಂದಾಗ ಅಂಗಳದಲ್ಲಿ ನನ್ನ ಹರಿಗೋಲು ಬೋರಲು ಬಿದ್ದಿತ್ತು. ಹೊಳೆ ಇಳಿದ ಮೇಲೆ ವರ್ಷಕ್ಕೊಮ್ಮೆ ತಳಕ್ಕೆ ಹೊಸ ಚೀಲ ಹೊಲಿದು ಟಾರು ಬಳಿಯುತ್ತೇವೆ. ಟಾರು ಹಿಂದಿನ ದಿನವೇ ಒಣಗಿತ್ತು. ಅಜ್ಜಿ ದುಂಡಮ್ಮ ಸಾಣೆಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಯಾಕ್ಲಾ ಮಾದೇಶ, ಮಕ ಊದಿಸ್ಕಂಡಿದ್ದೈ?"

"ಏನಿಲ್ಲ ಬುಡಜ್ಜಿ."

"ಆ ದಾರವಾಡದ ಅಯ್ನೋರು ಬೈದ್ರಾ?"

"ನೀರು ಹೊರೋನು ಅಂದ್ರು. ಎಲ್ಲರ ಮುಂದೆ."

"ನಿಜ ತಾನೆ. ನಿಮ್ಮ ತಾತಾನೂ ಅದ್ನೇ ಹೊತ್ತಿದ್ದು. ಕೂಸು, ಆ ಹಳ್ಳೆಣ್ಣೆ ವಸಿ ಇತ್ಲಾಗೆ ಕೊಡು."

ಕೊಟ್ಟೆ. ಅವಳು ಕಲ್ಲಿನ ಮೇಲೆ ಹುರುಪೆ ತೇಯುತ್ತಿದ್ದಳು. ಬಿಳಿಮೀನಿನ ಹುರುಪೆ. ಒಂದು ಕಾಲದಲ್ಲಿ ನಮ್ಮ ಜನರ ಎಲ್ಲ ಮನೆಗಳ ಗೂಡಿನಲ್ಲೂ ಇದ್ದದ್ದು, ತೇಯ್ದು ತೇಯ್ದು ಮುಗಿದು ಈಗ ನಮ್ಮನೆಯಲ್ಲಿ ಮಾತ್ರ ಉಳಿದಿತ್ತು. ಹುರುಪೆಯನ್ನು ಅರಿಶಿನ, ಹರಳೆಣ್ಣೆಯ ಜೊತೆ ತೇಯ್ದು ಹರಿಗೋಲಿನ ತಳಕ್ಕೆ ಐದು ಬೆರಳಿನ ಪಟ್ಟೆ ಎಳೆದ ಮೇಲೆಯೇ ನೀರಿಗೆ ಇಳಿಸುವುದು. ಗಂಗಮ್ಮ ಕೆಳಗಿನಿಂದ ನೋಡಿ ತನ್ನ ಮೀನೇ ಎಂದುಕೊಂಡು ಮುಳುಗಿಸದೆ ಬಿಡುತ್ತಾಳೆ ಎಂಬ ನಂಬಿಕೆ.

ಅಜ್ಜಿ ಗಂಧದಂಥ ಅದನ್ನು ಬೆರಳಲ್ಲಿ ಬಳಿದು ಮೊದಲ ಪಟ್ಟೆ ಎಳೆದಳು. ಎರಡನೆಯದು ಎಳೆದಳು. ನಾನು ನೋಡುತ್ತಾ ನಿಂತಿದ್ದೆ. ಹುಟ್ಟಿದಾಗಿನಿಂದ ನೋಡಿದ್ದೇ. ಅವಳು ಮೂರನೆಯ ಪಟ್ಟೆ ಎಳೆಯುವಾಗ ಬಗ್ಗಿ ಮೊದಲ ಪಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದೆ.

ಜಾಲರಿ ಬದಲಿಸಲು ನಾನು ಹರಿಗೋಲನ್ನು ಕಂಬಕ್ಕೇ ಕಟ್ಟುತ್ತೇನೆ. ಕೈಗೆ ಗ್ಲೌಸು, ಬಾಯಿಗೆ ಬಟ್ಟೆ, ಎಲ್ಲ ಹೇಳಿಕೊಟ್ಟ ಹಾಗೆ. ಹೊಸ ಜಾಲರಿ ಹಾಕಿ, ಸರಿಯಾಗಿ ಕೂತಿದೆಯೇ ಎಂದು ಹತ್ತು ನಿಮಿಷ ಪಂಪು ಓಡಿಸುತ್ತೇನೆ. ಪಂಪಿನ ಬಾಯಿ ಇರುವುದು ನೀರಿನ ಕೆಳಗೆ ಒಂದು ಮೊಳ, ನನ್ನ ಹರಿಗೋಲಿನ ತಳದ ಪಕ್ಕದಲ್ಲಿ. ನನ್ನಿಂದ ಏನಾದರೂ ಅಂಟುತ್ತದೆಯೇ ಎಂದು ತಿಳಿಯಲು ಪ್ರತಿ ಸಲ ಒಂದು ಬಾಟಲಿ ಶುದ್ಧ ನೀರನ್ನು ಹರಿಗೋಲಿನಲ್ಲಿ ತೆರೆದು ಮುಚ್ಚಿ ಲ್ಯಾಬಿಗೆ ಕೊಡುತ್ತಿದ್ದೆ. ಅದರಲ್ಲಿ ಯಾವತ್ತೂ ಏನೂ ಬಂದಿರಲಿಲ್ಲ. ಯಾಕೆ ಬರುತ್ತದೆ? ಹರಿಗೋಲಿನ ಒಳಗೆ ಏನೂ ಇರಲಿಲ್ಲ.

ಪಟ್ಟೆ ಪೂರ್ತಿ ಕರಗಲು ಒಂದು ತಿಂಗಳು ಬೇಕು. ಮೊಟ್ಟೆ ಇಡಲು ಬಂದಿದ್ದ ಮೀನು ನನ್ನ ಹರಿಗೋಲು.

ಸೋಮವಾರ ಅರಣ್ಯದವರ ಫೈಬರ್ ದೋಣಿ ಕೇಳಿ ತಂದೆ. ಮೇಲಿನ ಮೂರು ಕಂಬಗಳ ಜಾಲರಿಯನ್ನು ಅದರಲ್ಲಿ ಹೋಗಿ ಬದಲಿಸಿದೆ. ಕೆಳಗಿನ ಮೂರಕ್ಕೆ ಪಟ್ಟೆ ಬಳಿದ ನನ್ನ ಹರಿಗೋಲಿನಲ್ಲೇ ಹೋದೆ. ಮುಂದಿನ ಸೋಮವಾರವೂ ಹಾಗೆಯೇ ಮಾಡಿ, ವಾರವಿಡೀ ನೀರು ಕುಡಿದ ಆರು ಜಾಲರಿಗಳನ್ನು ತಂದು ಶಕೀಲಾಳ ಮೇಜಿನ ಮೇಲಿಟ್ಟೆ. ಏನೂ ಹೇಳಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅವಳೇ ಕರೆದಳು.

"ಒಂದು, ಎರಡು, ಮೂರು, ಏನೂ ಇಲ್ಲ," ಎಂದು ಪರದೆ ತೋರಿಸಿದಳು. "ನಾಲ್ಕು, ಐದು, ಆರು, ತುಂಬ ಜೋರಾಗಿದೆ. ಮೀನು ಅರ್ಧ ಹೊಳೇಲಿ ಮಾತ್ರ ಈಜುತ್ತಾ? ಏನ್ ಮಾಡ್ದ್ಯೋ?"

ಹೇಳಿದೆ. ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

"ಇಪ್ಪತ್ತು ವರ್ಷದ ಸರ್ವಿಸ್ ಹುದ್ದಾರ್ ಸಾರ್‌ದು. ಇದು ಹೋದ್ರೆ ಎಲ್ಲಾ ಹೋಯ್ತು, ಗೊತ್ತಾ ನಿಂಗೆ?"

"ನಮ್ದು ಅರವತ್ತೆರಡು ಮನೆ, ಶಕೀಲಕ್ಕ."

"ಅದೂ ಸರಿ," ಎಂದಳು. ಕಾಗದ ಪ್ರಿಂಟ್ ಮಾಡಿ ಕೈಗೆ ಕೊಟ್ಟಳು. "ನೀನೇ ಕೊಡು. ನಾನು ಕೊಟ್ರೆ ನಂಗೆ ಅಳು ಬರುತ್ತೆ."

ಹುದ್ದಾರ್ ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಮ್ಯಾಲಿನ ಮೂರು ನೀ ತೊಳದಿ. ಊರು ಉಳಸ್ಕೊಳ್ಳಲಿಕ್ಕೆ ಬ್ಲೀಚಿಂಗ್ ಹಾಕಿ ತೊಳದಿ."

"ತೊಳೆಯೋ ಹಂಗಿದ್ರೆ ಆರೂ ತೊಳೀತಿದ್ದೆ ಸಾರ್."

ನಾನು ಹರಿಗೋಲು, ಪಟ್ಟೆ, ಹತ್ತು ನಿಮಿಷದ ಪಂಪು, ಎಲ್ಲ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ. ಹೇಳುತ್ತಾ ಹೇಳುತ್ತಾ ಅವರ ಮುಖ ನೋಡಿ ದನಿ ತಾನಾಗಿ ತಗ್ಗಿತು. ಬೈದಿದ್ದರೆ ನನಗೆ ಸುಲಭವಿತ್ತು.

"ಆ ಹತ್ತು ನಿಮಿಷ ಬರದು ಕೊಟ್ಟಾಂವ ನಾನ," ಎಂದರು ಕೊನೆಗೆ. "ಹುರುಪಿ ತಗೊಂಡು ಬಾ. ನಾನ ಓದತೀನಿ. ಅಲ್ಲೀತನಾ ಯಾರ ಮುಂದೂ ಹೇಳಬ್ಯಾಡ."

ಮನೆಗೆ ಹೋಗಿ ಗೂಡಿಗೆ ಕೈಹಾಕಿದೆ. ಅಪ್ಪ ಜವರಯ್ಯ ಹಜಾರದಲ್ಲಿ ಬಲೆ ಹೊಲಿಯುತ್ತಿದ್ದ. ನಾನು ಏಕೆ ಒಯ್ಯುತ್ತಿದ್ದೇನೆ ಎಂದು ಕೇಳಿದ. ಇದನ್ನು ಕೊಟ್ಟರೆ ನಾವು ಊರು ಬಿಡಬೇಕಾಗಿಲ್ಲ ಎಂದೆ. ಕುಣಿಯುತ್ತಾನೆ ಎಂದುಕೊಂಡಿದ್ದೆ.

"ಅಲ್ಲೇ ಮಡುಗು," ಎಂದ.

"ಯಾಕೆ?"

"ಮಡುಗು ಅಂದ್ರೆ ಮಡುಗ್ಲಾ."

"ಅಪ್ಪ, ತಾತನ ಕಾಲದ ಹುರುಪೆಗೆ ನಿಂಗೇನು ಇಷ್ಟು..."

"ತಾತನ ಕಾಲದ್ದಲ್ಲ."

ಅಜ್ಜಿ ಒಲೆಯ ಮುಂದಿನಿಂದ ಏಳದೆಯೇ, "ಹೇಳ್ಬುಡು ಮಗ, ಅಂವ ದೊಡ್ಡೋನಾದ," ಎಂದಳು.

ಅಪ್ಪ ಬಲೆಯನ್ನು ಕೆಳಗಿಡದೆ ಹೇಳಿದ. ಹನ್ನೊಂದು ವರ್ಷದ ಹಿಂದೆ, ಬೇಸಿಗೆಯ ಕೊನೆಗೆ, ಮಡುವಿನಲ್ಲಿ ಸಣ್ಣ ಮೀನಿಗೆಂದು ತೋಟ ಎಸೆದಿದ್ದ. ತೋಟ ಎಂದರೆ ಬಂಡೆ ಒಡೆಯುವ ಸಿಡಿಮದ್ದು, ನೀರಿನಲ್ಲಿ ಸಿಡಿಸಿದರೆ ಮೀನೆಲ್ಲ ಬೋರಲಾಗಿ ತೇಲುತ್ತವೆ. ಆಗಲೇ ಅದಕ್ಕೆ ಜೈಲಿತ್ತು, ಬಿಳಿಮೀನು ಮುಟ್ಟಿದರಂತೂ ಇನ್ನೂ ದೊಡ್ಡ ಜೈಲು.

"ಸಣ್ಣವು ತೇಲಿದ್ವು. ಆಮೇಕೆ ಅದು ಬಂತು, ತಳದಿಂದ. ಆಳುದ್ದ. ನಾನು ಹುಟ್ಟಿದ ಮ್ಯಾಲೆ ಅಂತದ್ದು ಕಂಡಿರ್ನಿಲ್ಲ. ಒಂದು ಗಳಿಗೆ ಬಾಯಿ ಆಡಿಸ್ತು."

"ಆಮೇಲೆ?"

"ಆಮೇಕೇನು. ಇನ್ನೊಂದು ತೋಟ ಕೈಲೇ ಇತ್ತು, ಬತ್ತಿ ಹತ್ಕಂಡಿತ್ತು. ಮರ್ತ್ಬುಟ್ಟಿದ್ದೆ."

ಅಪ್ಪನ ಬಲಗೈಯಲ್ಲಿ ಎರಡು ಬೆರಳಿಲ್ಲ. ಹರಿಗೋಲಿನ ಹಗ್ಗ ಸುತ್ತಿಕೊಂಡು ಹೋದವು ಎಂದು ನನಗೆ ಹೇಳಿದ್ದರು. ಅವನ ಕೈ ವಾಸಿಯಾಗುವ ತನಕ ಹುಟ್ಟು ಹಾಕಲು ಆಳಿಲ್ಲ ಎಂದು ನಾನು ಸ್ಕೂಲು ಬಿಟ್ಟಿದ್ದೆ. ಕೈ ವಾಸಿಯಾಯಿತು, ನಾನು ಮತ್ತೆ ಹೋಗಲಿಲ್ಲ.

"ಕುಯ್ದಾಗ ಹೊಟ್ಟೆ ತುಂಬ ಮೊಟ್ಟೆ ಇತ್ತು," ಎಂದಳು ಅಜ್ಜಿ. "ಮನೇಲೇ ತಿಂದು ಮುಗ್ಸುದ್ವಿ. ನೀನೂ ಉಂಡಿದ್ದೈ ಕೂಸು. ಯಾವ ಮೀನು ಅಂತ ನಿಂಗೆ ಹೇಳಿರ್ನಿಲ್ಲ, ಇನ್ನೂ ಬೇಕು ಅಂತ ಕೇಳಿದ್ದೈ."

ನನಗೆ ನೆನಪಿಲ್ಲ. ನೆನಪು ಮಾಡಿಕೊಳ್ಳಲು ಎಷ್ಟೋ ನೋಡಿದೆ, ಆ ರುಚಿ ಬರಲಿಲ್ಲ.

ಹುರುಪೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ. ಅಪ್ಪ ತಡೆಯಲಿಲ್ಲ. ಅರವತ್ತೆರಡು ಮನೆ ಒಂದು ಕಡೆ, ಅಪ್ಪ ಒಂದು ಕಡೆ. ದಾರಿಯಲ್ಲೇ ಒಂದು ಉಪಾಯ ಮಾಡಿಕೊಂಡೆ, ಅದು ಸುಳ್ಳು ಹೇಳುವುದು.

"ಎಷ್ಟು ಹಳೇದು ಇದು?" ಹುದ್ದಾರ್ ಕೇಳಿದರು. ಹುರುಪೆಯನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ತೇಯ್ದು ಅರ್ಧವಾಗಿದ್ದರೂ ಅದರ ಸುತ್ತುಗೆರೆ ಎಣಿಸಬಹುದಿತ್ತು. ಇಪ್ಪತ್ತು ವರ್ಷ ಅವರು ಓದಿದ್ದು ಬರೀ ನೀರು. ಅದರ ಮೈಯ ತುಂಡೊಂದನ್ನು ಮುಟ್ಟಿದ್ದು ಅದೇ ಮೊದಲು.

"ತಾತನ ಕಾಲದ್ದು ಸಾರ್," ಎಂದೆ. "ಐವತ್ತು ವರ್ಷ ಆಗಿರಬೇಕು."

"ಹಂಗಾರ ನಾ ಹುಟ್ಟೂ ಹೊತ್ತಿಗೆ ಸತ್ತದ್ದು," ಎಂದರು. ಅದರಲ್ಲಿ ಅವರಿಗೆ ಏನೋ ಸಮಾಧಾನವಿದ್ದ ಹಾಗಿತ್ತು. ಒಂದು ಚೂರು ಕತ್ತರಿಸಿ ಸಣ್ಣ ನಳಿಕೆಗೆ ಹಾಕಿಕೊಂಡು ಉಳಿದದ್ದನ್ನು ಅದೇ ಬಟ್ಟೆಯಲ್ಲಿ ಸುತ್ತಿ ವಾಪಸ್ ಕೊಟ್ಟರು.

ಸಭೆ ಊರಿನ ಶಾಲೆಯ ಬಯಲಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ. ಶಾಮಿಯಾನದ ಕೆಳಗೆ ಸಮಿತಿಯವರು, ಹೊರಗೆ ಬಿಸಿಲಿನಲ್ಲಿ ನಾವು. ಹೆಂಗಸರು ರೇಷನ್ ಕಾರ್ಡನ್ನು ಎದೆಗೆ ಒತ್ತಿಕೊಂಡು ಬಂದಿದ್ದರು. ಅದನ್ನು ತೋರಿಸಿದರೆ ಊರು ಉಳಿಯುತ್ತದೆ ಎಂದು ಯಾರು ಹೇಳಿದ್ದರೋ. ಹುದ್ದಾರ್ ಏನು ಹೇಳುತ್ತಾರೆಂದು ನನಗೂ ಗೊತ್ತಿರಲಿಲ್ಲ. ಕಾಗದ ಹರಿದು ಹಾಕಿ, ಮೂರನೆಯ ವರ್ಷವೂ ಮೀನು ಸಿಕ್ಕಿತು ಎಂದರೆ ಕೇಳುವವರು ಯಾರು? ನನ್ನ ಮಾತಿಗಿಂತ ಯಂತ್ರದ ಮಾತು ದೊಡ್ಡದು, ಯಂತ್ರದ ಬಾಯಿ ಅವರದು.

ಅವರು ಮೈಕಿನ ಮುಂದೆ ನಿಂತರು. ಕೈಯಲ್ಲಿ ಕಾಗದವಿರಲಿಲ್ಲ.

"ನನ್ನ ಓದು ತಪ್ಪು," ಎಂದರು. "ಮೂರೂ ವರ್ಷದ್ದು. ಕಂಬಕ್ಕ ಸಿಕ್ಕದ್ದು ಹೊಳಿಯೊಳಗಿನ ಮೀನಲ್ಲ. ಈ ಊರಾಗ ಹರಿಗೋಲಿಗೆ ಹಳೇ ಹುರುಪಿ ತೇಯ್ದು ಹಚ್ಚೋ ಪದ್ಧತಿ ಅದ. ಅದನ್ನ ನಾ ಕೇಳಿ ತಿಳಕೋಬೇಕಿತ್ತು, ಕೇಳಲಿಲ್ಲ. ಜಾಲರಿ ಬದಲಿಸೋ ಕ್ರಮ ಬರದಾಂವ ನಾನು. ತಪ್ಪು ಪೂರ್ತಿ ನಂದು. ಈ ಪಾತ್ರ ಮುಚ್ಚಲಿಕ್ಕೆ ಯಾವ ಆಧಾರನೂ ಇಲ್ಲ."

ಆಮೇಲೆ ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು.

ಸಮಿತಿಯವರ ಮುಖ ಸುಣ್ಣವಾಯಿತು. ಅವರ ಹಿರಿಯ ಎದ್ದು ನಿಂತು, ಹಾಗಾದರೆ ಇಂಥ ಕಂಬ ನೆಟ್ಟ ಉಳಿದ ನದಿಗಳ ಓದನ್ನು ಹೇಗೆ ನಂಬುವುದು ಎಂದು ಕೇಳಿದರಂತೆ, ಶಕೀಲಾ ನನಗೆ ಹೇಳಿದಳು. ನಂಬಬೇಡಿ, ಮತ್ತೆ ಓದಿ ಎಂದರಂತೆ ಹುದ್ದಾರ್. ಮಧ್ಯಾಹ್ನದೊಳಗೆ ಆದೇಶ ಕೈಬಿಟ್ಟದ್ದನ್ನು ಅಧಿಕಾರಿ ಓದಿ ಹೇಳಿದರು. ಜನಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಯಾರೋ ತಮಟೆ ತಂದರು.

ನನಗೆ ಮೊದಲು ಬಂದದ್ದು ಸಿಟ್ಟು. ತಪ್ಪು ಕಂಡುಹಿಡಿದವನು ನಾನು, ನನ್ನ ಹೆಸರೇ ಎತ್ತಲಿಲ್ಲ. ಹುರುಪೆ ಇದ್ದ ಮನೆಯ ಹೆಸರೂ ಎತ್ತಲಿಲ್ಲ. ಅದೇ ಸಿಟ್ಟಿನಲ್ಲಿ ಅವರನ್ನು ಹುಡುಕಿಕೊಂಡು ಹೊಳೆಯ ಮೆಟ್ಟಿಲಿಗೆ ಇಳಿದೆ.

ಅವರು ಬೂಟು ಬಿಚ್ಚಿ, ಪ್ಯಾಂಟು ಮೇಲಕ್ಕೆ ಮಡಿಚಿ, ಮೊಣಕಾಲಿನ ತನಕ ನೀರಿನಲ್ಲಿ ನಿಂತಿದ್ದರು. ಅವರು ಹೀಗೆ ನೀರಿಗಿಳಿದದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಮೈಯಿಂದ ಉದುರಿದ್ದು ನೀರಿಗೆ ಸೇರಬಾರದು ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವರು.

"ನಿನ್ನ ಹೆಸರು ಹೇಳಲಿಲ್ಲ ಅಂತ ಬಂದಿ ಹೌದಲ್ಲೋ," ಎಂದರು ತಿರುಗದೆ.

ನಾನು ಕೊನೆಯ ಮೆಟ್ಟಿಲಿಗೆ ಇಳಿದು ನಿಂತೆ.

"ಐವತ್ತು ವರ್ಷದ ಹುರುಪಿಯೊಳಗ ಎಳಿ ತುಂಡು ತುಂಡು ಆಗಿರ್ತಾವ, ಮಾದೇಶ. ಹಿಟ್ಟು ಆಗಿರ್ತಾವ. ಇದರಾಗ ಉದ್ದುದ್ದ ಎಳಿ ಅದಾವ. ಹತ್ತು ವರ್ಷದ್ದು, ಭಾಳಂದ್ರ ಹನ್ನೆರಡು."

ಮೇಲೆ ತಮಟೆಯ ಸದ್ದು. ಅಪ್ಪ ಮೆಟ್ಟಿಲಿನ ತುದಿಗೆ ಬಂದು ನಿಂತಿದ್ದ. ಬಲಗೈಯನ್ನು ಟವೆಲಿನೊಳಗೆ ಸುತ್ತಿಕೊಂಡು ಕೆಳಗೆ ನಮ್ಮನ್ನೇ ನೋಡುತ್ತಿದ್ದ.

"ಅದನ್ನ ನಾ ಬರದು ಇಟ್ಟಿಲ್ಲ. ಶಕೀಲಾಗೂ ತೋರಿಸಿಲ್ಲ. ಯಾರ ಮನಿ, ಯಾರು ಹಿಡದ್ರು, ಹೆಂಗ ಹಿಡದ್ರು, ನನಗ ಬ್ಯಾಡ." ಅವರು ಈಗ ತಿರುಗಿದರು. ನೀರು ಅವರ ಕಾಲ ಸುತ್ತ ಸರಿಯುತ್ತಿತ್ತು. "ಇನ್ನ ನನಗ ಲ್ಯಾಬ್ ಇಲ್ಲ. ನಾಳಿಯಿಂದ ಯಾರೂ ನನ್ನ ಮಾತು ನಂಬೂದಿಲ್ಲ. ಅದಿರ್ಲಿ. ಹದಿನೆಂಟು ವರ್ಷದಿಂದ ಈ ದಂಡಿ ಮ್ಯಾಲ ತಿರಗ್ಯಾಡೇನಿ. ಬರೇ ಹುಚ್ಚರಂಗ ತಿರಗ್ಯಾಡಿದೆನೋ, ಇಲ್ಲಾ, ನಾ ಇಲ್ಲಿ ಕೂತು ಬಾಟ್ಲಿ ತುಂಬೋವಾಗ ಅದು ಇಲ್ಲೇ ಎಲ್ಲ್ಯೋ ಕೆಳಗ ಇತ್ತೋ. ಜೀವಂತ ಇತ್ತೇನೋ? ಅಷ್ಟ ಹೇಳು. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಮುಂದ ಏನೂ ಕೇಳೂದಿಲ್ಲ."

ಒಂದೇ ಅಕ್ಷರದ ಮಾತು. ಹೂಂ ಎಂದರೆ ಅವರ ಹದಿನೆಂಟು ವರ್ಷ ಅವರಿಗೆ ವಾಪಸ್ ಸಿಗುತ್ತಿತ್ತು, ಜೊತೆಗೆ ಮೊಟ್ಟೆ ತುಂಬಿದ್ದ ಅದನ್ನು ನಮ್ಮ ಮನೆಯೇ ಕೊಂದು ತಿಂದಿತು ಎಂಬುದೂ ಸಿಗುತ್ತಿತ್ತು. ಊಹೂಂ ಎನ್ನಲು, ನಿಜ ಹೇಳಿ ಬರಿಗೈಯಾದ ಮನುಷ್ಯನಿಗೆ ಇನ್ನೊಂದು ಸುಳ್ಳು ಹೇಳಲು, ನಾಲಿಗೆ ಏಳಲಿಲ್ಲ.

ಅವರು ಕಾಯುತ್ತಿದ್ದರು.

ನಾನು ತಿರುಗಿ ಅಪ್ಪ ನಿಂತಿದ್ದ ಕಡೆಗೆ ಮೆಟ್ಟಿಲು ಹತ್ತಿದೆ. ಅವನನ್ನೂ ದಾಟಿಕೊಂಡು ನಡೆದೆ.